ಕಲ್ಲು ಸಿಕ್ಕಿತು, ಮಾತು?

ಬಾಗಲಕೋಟೆ ಜಿಲ್ಲೆಯ ಅನಗವಾಡಿಯಲ್ಲಿ, ಘಟಪ್ರಭೆಯ ದಂಡೆಯಲ್ಲಿ, ಹಳೆ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ. ಕಲ್ಲಿನ ಎರಡೂ ಮೈಯಿಂದ ಚಕ್ಕೆ ಎಬ್ಬಿಸಿ, ಅಂಚು ಚೂಪು ಮಾಡಿರುತ್ತಾರೆ. ಏಟು ಸ್ವಲ್ಪ ವಾರೆಯಾದರೂ ಕಲ್ಲು ಕೆಡುತ್ತದೆ. ಇದನ್ನು ಮಕ್ಕಳಿಗೆ ಹೇಗೆ ಕಲಿಸಿದರು? ಬರೀ ಮಾಡಿ ತೋರಿಸಿಯೋ, ಬಾಯಿಬಿಟ್ಟು ಹೇಳಿಯೋ?

ದನಿ ಮಣ್ಣಲ್ಲಿ ಉಳಿಯುವುದಿಲ್ಲ ಅಲ್ವಾ! ಇಸ್ರೇಲಿನ ಕೆಬಾರಾ ಗುಹೆಯಲ್ಲಿ 1983ರಲ್ಲಿ ನಿಯಾಂಡರ್ತಾಲ್ ಮನುಷ್ಯನ (ನಮಗೆ ಹತ್ತಿರದ, ಈಗ ಅಳಿದುಹೋದ ಮಾನವ ಬಳಗ) ನಾಲಿಗೆಯ ಬುಡದ ಪುಟ್ಟ ಎಲುಬು ಸಿಕ್ಕಿತು. ಸುಮಾರು 60,000 ವರ್ಷ ಹಳೆಯದು, ಹೆಚ್ಚುಕಡಿಮೆ ನಮ್ಮದರಂತೆಯೇ ಇದೆ. ಆದರೂ ಅವರು ಮಾತಾಡುತ್ತಿದ್ದರು ಅನ್ನಲು ಅದೊಂದೇ ಸಾಲದು. ಪ್ಯಾರಿಸ್ಸಿನ ಭಾಷಾ ಸಂಘವಂತೂ 1866ರಲ್ಲಿ ಮಾತು ಹೇಗೆ ಹುಟ್ಟಿತು ಅನ್ನುವ ಬರಹಗಳೇ ಬೇಡ ಅಂದುಬಿಟ್ಟಿತ್ತು.

ಕೇಳದೇ ಹೇಗಿರುವುದು? ಆ ಏಟಿನ ಓರೆ ಕಲಿಸಲು ಒಂದೆರಡಾದರೂ ಮಾತು ಬೇಕಾಗಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.