ಆರ್ಟೋರಿಯಾಸ್ ಸತ್ತದ್ದು ಹೇಗೆ, ಅವನ ಗೋರಿ ಕಾದವರು ಯಾರು

ಉಡುಪಿ
14 ಜುಲೈ 2024, ಭಾನುವಾರ

ಡಾರ್ಕ್ ಸೋಲ್ಸ್ ಎನ್ನುವ ವಿಡಿಯೋ ಗೇಮ್‌ನಲ್ಲಿ ಆರ್ಟೋರಿಯಾಸ್ ಹೆಸರು ನಮ್ಮ ಕಿವಿಗೆ ಬೀಳುವಾಗ ಅವನು ಸತ್ತು ಎಷ್ಟೋ ಕಾಲ ಆಗಿರುತ್ತದೆ. ದೊರೆ ಗ್ವಿನ್‌ನ ನಾಲ್ವರು ವೀರರಲ್ಲಿ ಅವನೊಬ್ಬ. ಅಬಿಸ್ ಎನ್ನುವ ತಳವಿಲ್ಲದ ಕತ್ತಲೆಯ ಒಳಗೇ ನಡೆದು ಹೋಗಿ ಅದನ್ನು ತಡೆದವನು ಅಂತ ಅವನ ಖ್ಯಾತಿ. ಡಾರ್ಕ್‌ರೂಟ್ ಕಾಡಿನ ಒಂದು ಬಯಲಲ್ಲಿ ಅವನ ಗೋರಿ ಇದೆ. ಸುತ್ತಲೂ ನೆಲಕ್ಕೆ ಊರಿದ ಕತ್ತಿಗಳು. ಅದನ್ನು ಕಾಯುವುದು ಸಿಫ್ ಎನ್ನುವ ದೈತ್ಯ ಬೂದು ತೋಳ. ಯಜಮಾನನ ಕತ್ತಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಅದು ಹೋರಾಡುತ್ತದೆ. ಅದನ್ನು ಕೊಂದರೆ ಆರ್ಟೋರಿಯಾಸ್‌ನ ಉಂಗುರ ಸಿಗುತ್ತದೆ. ಆ ಉಂಗುರ ಹಾಕಿಕೊಂಡರೆ ಮಾತ್ರ ನಾವು ಮೂಲ ಆಟದ ಅಬಿಸ್‌ನೊಳಗೆ ಕಾಲಿಡಬಹುದು.

2011ರಲ್ಲಿ ಆಟ ಬಂದಾಗ ಕಥೆ ಇಷ್ಟೇ ಇತ್ತು. ವೀರ ಗೆದ್ದ, ಸತ್ತ, ತೋಳ ಗೋರಿ ಕಾಯುತ್ತಿದೆ. ಮರುವರ್ಷ, 2012ರಲ್ಲಿ, ಹೆಚ್ಚುವರಿ ಭಾಗ ಒಂದು ಬಂತು. ಅದಕ್ಕೆ ಅವನದೇ ಹೆಸರು. ಅದರಲ್ಲಿ ಒಂದು ಕಪ್ಪು ಕೈ ನಮ್ಮನ್ನು ಹಿಡಿದು ಹಿಂದಿನ ಕಾಲಕ್ಕೆ, ಊಲಾಸಿಲ್ ಎನ್ನುವ ನಾಡಿಗೆ ಎಳೆದುಕೊಂಡು ಹೋಗುತ್ತದೆ. ಅಲ್ಲಿಯ ಜನ ಯಾವುದೋ ಹಳೆಯ ಸಮಾಧಿ ಕೆದಕಿ ಮಾನಸ್ ಎಂಬವನನ್ನು ಎಬ್ಬಿಸಿಬಿಟ್ಟಿದ್ದಾರೆ. ಅವನಿಂದಲೇ ಕತ್ತಲೆ ಹಬ್ಬುತ್ತಿದೆ. ಅಲ್ಲಿ ಆರ್ಟೋರಿಯಾಸ್ ಇನ್ನೂ ಇದ್ದಾನೆ. ಬದುಕಿದ್ದಾನೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಅಕ್ಕನ ಮಗ ಇವತ್ತು ಅವನನ್ನು ಎದುರಿಸಿದ. ಬೆಳಗ್ಗಿಂದ ಜಡಿಮಳೆ, ಹೊರಗೆ ಹೋಗುವ ಹಾಗೇ ಇರಲಿಲ್ಲ. 2018ರ ರೀಮಾಸ್ಟರ್ಡ್ ಆವೃತ್ತಿ ನಮ್ಮಲ್ಲಿದೆ, ಅದರಲ್ಲಿ ಈ ಭಾಗವೂ ಸೇರಿದೆ. ನಾನು ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ.

ದುಂಡನೆಯ ಕಲ್ಲಿನ ಅಂಗಳ. ಆರ್ಟೋರಿಯಾಸ್ ಕತ್ತಿಗೆ ಸಿಕ್ಕಿಕೊಂಡ ಹೆಣವನ್ನು ಎತ್ತಿ ನಮ್ಮತ್ತ ಬೀಸಿ ಎಸೆಯುತ್ತಾನೆ. ಆಮೇಲೆ ಅಂತರಲಾಗ ಹಾಕಿ ಮೇಲಿಂದ ಕತ್ತಿ ಇಳಿಸುತ್ತಾನೆ, ಕೆಲವೊಮ್ಮೆ ಒಂದರ ಬೆನ್ನಿಗೆ ಒಂದು. ಮೈಯಿಂದ ಕಪ್ಪು ರಾಡಿ ಹಾರುತ್ತದೆ. ಹುಡುಗ ಉರುಳಿ ತಪ್ಪಿಸಿಕೊಳ್ಳುವುದರಲ್ಲೇ ಇದ್ದ, ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ. ನಾನು ಎಡಗೈ ನೋಡು ಅಂದೆ. ಎಡತೋಳು ಮುರಿದು ಸುಮ್ನೆ ಜೋತಾಡುತ್ತಿದೆ. ಅವನು ತಿರುಗಿದ ಕಡೆಗೆಲ್ಲ ಅದು ಚಿಂದಿಬಟ್ಟೆ ಹಾಗೆ ಹಿಂದೆ ಹಿಂದೆ ಬರುತ್ತದೆ. ಒಂದೇ ಕೈಯಲ್ಲಿ ಅಷ್ಟು ದೊಡ್ಡ ಕತ್ತಿ ಬೀಸುತ್ತಾನೆ. ಗುರಾಣಿ ಇಲ್ಲ. ಬಾಯಲ್ಲಿ ಮಾತಿಲ್ಲ, ಕೂಗು ಮಾತ್ರ.

ಕೊನೆಗೂ ಬಿದ್ದ. ಹುಡುಗನಿಗೆ ಖುಷಿಗಿಂತ ಜಾಸ್ತಿ ಬೇಜಾರು.

"ಎಂತ ಮಾಮ ಇದು? ಇವನು ಅಬಿಸ್‌ನ್ನು ಸೋಲಿಸಿದ ಅಂತ ಅಲ್ವಾ ಕಥೆ? ಇವನೇ ಸೋತಿದ್ದಾನಲ್ಲ!"

ಹೌದು, ಸೋತಿದ್ದಾನೆ. ನಾವು ಅವನನ್ನು ಕಾಣುವ ಮೊದಲೇ ಕತ್ತಲೆ ಅವನನ್ನು ನುಂಗಿ ಆಗಿದೆ. ಅವನ ಪ್ರಾಣ ಹೋಗುವುದು ನಮ್ಮ ಕೈಯಲ್ಲಿ. ಮುಂದೆ ಮಾನಸ್‌ನನ್ನು ಕೊಲ್ಲುವುದೂ ನಾವೇ. ಆದರೆ ನಾವು ಬೇರೆ ಕಾಲದವರು, ಕೆಲಸ ಮುಗಿಸಿ ಹೊರಟು ಹೋಗುತ್ತೇವೆ. ಹೆಸರು ಆರ್ಟೋರಿಯಾಸ್‌ಗೆ ಉಳಿಯುತ್ತದೆ.

ಇದನ್ನು ಕೇಳಿ ತುಂಬಾ ಜನ ಹೇಳುವುದು, ಹಾಗಾದರೆ ಅವನ ಖ್ಯಾತಿ ಎಲ್ಲ ಸುಳ್ಳು ಅಂತ. ನಾನು ಒಪ್ಪುವುದಿಲ್ಲ. ಯಾಕೆ ಅಂದರೆ ಗುರಾಣಿ ಎಲ್ಲಿ ಹೋಯಿತು ಅಂತ ಅವರು ಕೇಳುವುದಿಲ್ಲ.

ಗುರಾಣಿ ಇರುವುದು ಇನ್ನೂ ಕೆಳಗೆ, ಕತ್ತಲೆಯ ಕಂದರದಲ್ಲಿ. ಅಲ್ಲಿ ಒಂದು ಪುಟ್ಟ ತೋಳ ಬೆಳಕಿನ ಬೇಲಿಯೊಳಗೆ ಮುದುಡಿ ಕೂತಿದೆ. ಸುತ್ತ ಕಪ್ಪು ನೆರಳುಗಳು ತೇಲುತ್ತಿವೆ, ಒಳಗೆ ಬರಲು ಆಗುತ್ತಿಲ್ಲ. ಅದು ಸಿಫ್. ಆರ್ಟೋರಿಯಾಸ್ ತನ್ನ ಗುರಾಣಿಯಿಂದಲೇ ಆ ಬೇಲಿ ಕಟ್ಟಿ ಮರಿಯನ್ನು ಒಳಗಿಟ್ಟ. ತಾನು ಗುರಾಣಿಯಿಲ್ಲದೆ ಕತ್ತಲೆಗೆ ಸಿಕ್ಕಿದ. ತಾನು ಉಳಿಯಲು ಇದ್ದ ಒಂದು ದಾರಿಯನ್ನು ನಾಯಿಮರಿಯಷ್ಟು ದೊಡ್ಡದಿರುವ ಒಂದು ಜೀವಕ್ಕೆ ಬಿಟ್ಟುಕೊಟ್ಟ. ನನ್ನ ಪಾಲಿಗೆ ಅವನು ವೀರನಾದದ್ದು ಅಲ್ಲಿ.

ಇನ್ನೊಂದು ವಿಷಯ. ಆ ಮರಿ ಇರುವ ಜಾಗಕ್ಕೆ ದಾರಿ ತೋರಿಸುವುದು ಅಲ್ವಿನಾ ಎನ್ನುವ ಬಿಳಿ ಬೆಕ್ಕು. ಮೂಲ ಆಟದಲ್ಲಿ ಇದೇ ಅಲ್ವಿನಾ ಡಾರ್ಕ್‌ರೂಟ್ ಕಾಡಿನಲ್ಲಿ ಕೂತು, ಗೋರಿ ಕದಿಯಲು ಬಂದವರನ್ನು ಓಡಿಸಲು ಒಂದು ಗುಂಪನ್ನೇ ಕಟ್ಟಿಕೊಂಡಿರುತ್ತದೆ. ಅಂದರೆ ಆ ಗೋರಿ ಕಾಯುವ ಇಬ್ಬರಿಗೂ, ತೋಳಕ್ಕೂ ಬೆಕ್ಕಿಗೂ, ನಡೆದದ್ದು ಪೂರ್ತಿ ಗೊತ್ತು. ಅವನು ಗೆಲ್ಲಲಿಲ್ಲ ಅಂತ ಗೊತ್ತು. ಗೊತ್ತಿದ್ದೂ ಅಷ್ಟು ಕಾಲ ಕಾದಿದ್ದಾರೆ. ಗೆದ್ದ ಅಂತ ನಂಬಿದವರು ದೂರದ ಊರಿನವರು, ಕಥೆ ಕೇಳಿದವರು. ನಿಜ ನೋಡಿದವರು ಗೋರಿ ಬಿಟ್ಟು ಕದಲಲಿಲ್ಲ.

ನಮ್ಮ ತುಳುನಾಡಿನವರಿಗೆ ಇದು ಅರ್ಥವಾಗಲು ಕಷ್ಟ ಇಲ್ಲ. ಅವಳಿ ವೀರರಾದ ಕೋಟಿ ಚೆನ್ನಯರ ಪಾಡ್ದನದಲ್ಲಿ, ಅಂದರೆ ಅವರ ಹಾಡುಗಥೆಯಲ್ಲಿ, ಕೋಟಿ ಬಾಣ ತಾಗಿ ಬೀಳುತ್ತಾನೆ. ಅಣ್ಣ ಹೋದ ಮೇಲೆ ತನಗೆಂಥ ಬದುಕು ಅಂತ ಚೆನ್ನಯ ಕಲ್ಲಿಗೆ ತಲೆ ಬಡಿದು ಪ್ರಾಣ ಬಿಡುತ್ತಾನೆ. ಪಾಡ್ದನ ಹೇಳುವವರು ಅದನ್ನು ಮುಚ್ಚಿಡುವುದಿಲ್ಲ. ಅದನ್ನೂ ಹಾಡಿಯೇ ಅವರ ಗುಡಿಗಳಾದ ಗರಡಿಗಳಲ್ಲಿ ಇವತ್ತಿಗೂ ಕೈಮುಗಿಯುತ್ತಾರೆ.

ಹೆಚ್ಚಿನವರು ಸಿಫ್‌ನ್ನು ಮೊದಲೇ ಕೊಂದುಬಿಡುತ್ತಾರೆ, ಕಾಡಿನ ದಾರಿ ಬೇಗ ಸಿಗುತ್ತದೆ ನೋಡಿ. ಅದಕ್ಕೇ ನಾನು ಹುಡುಗನನ್ನು ಆ ಕಡೆ ಹೋಗದಂತೆ ತಡೆದಿದ್ದೆ. ಮರಿಯನ್ನು ಬಿಡಿಸಿ ಆಮೇಲೆ ಗೋರಿಯ ಹತ್ತಿರ ಹೋದರೆ ದೃಶ್ಯವೇ ಬೇರೆ. ಸಿಫ್ ಹತ್ತಿರ ಬಂದು ನಮ್ಮನ್ನು ಮೂಸುತ್ತದೆ. ಗುರುತು ಹಿಡಿಯುತ್ತದೆ. ಮುಖ ಎತ್ತಿ ಊಳಿಡುತ್ತದೆ. ಆಮೇಲೂ ಕತ್ತಿ ಎತ್ತಿಕೊಳ್ಳುತ್ತದೆ. ಉಂಗುರ ಕೊಟ್ಟರೆ ನಾವೂ ಅದೇ ಕತ್ತಲೆಗೆ ಇಳಿಯುತ್ತೇವೆ, ಅದಕ್ಕೇ ತಡೆಯುತ್ತದೆ ಅಂತ ನಾನು ತಿಳಿದುಕೊಂಡಿದ್ದೇನೆ.

ಮಧ್ಯಾಹ್ನ ಊಟ ಆದ ಮೇಲೆ ಮತ್ತೆ ಅದೇ ಅಂಗಳಕ್ಕೆ ಹೋಗು ಅಂದೆ. ಅಲ್ಲಿ ಕಿಯಾರನ್ ಮೊಣಕಾಲೂರಿ ಕೂತಿದ್ದಳು, ಬಿಳಿ ಪಿಂಗಾಣಿ ಮುಖವಾಡ. ನಾಲ್ವರು ವೀರರಲ್ಲಿ ಅವಳೂ ಒಬ್ಬಳು. ಅವನನ್ನು ಬೀಳಿಸಿದಾಗ ಹುಡುಗನಿಗೆ ಸಿಕ್ಕ ಆರ್ಟೋರಿಯಾಸ್‌ನ ಆತ್ಮವನ್ನು ತನಗೆ ಕೊಡುತ್ತೀಯಾ ಅಂತ ಕೇಳುತ್ತಾಳೆ. ಹುಡುಗ ಕಂಟ್ರೋಲರ್ ಕೆಳಗಿಟ್ಟ.

"ಇದರಿಂದ ದೊಡ್ಡ ಕತ್ತಿ ಮಾಡಿಸ್ಲಿಕ್ಕೆ ಆಗ್ತದೆ ಅಲ್ವಾ ಮಾಮ?"

"ಆಗ್ತದೆ ಮಾರಾಯ. ಒಳ್ಳೆ ಕತ್ತಿಯೇ. ನೀನೇ ಯೋಚನೆ ಮಾಡು."

ತುಂಬಾ ಹೊತ್ತು ಸುಮ್ಮನೆ ಕೂತ. ಆಮೇಲೆ ಕೊಟ್ಟ. ಕಿಯಾರನ್ ತನ್ನ ಎರಡು ಕತ್ತಿಗಳನ್ನೂ ಅವನಿಗೆ ಕೊಟ್ಟಳು, ಇನ್ನು ತನಗೆ ಬೇಡ ಅನ್ನುವ ಹಾಗೆ.

ಇನ್ನು ಕಂದರಕ್ಕೆ ಇಳಿಯಬೇಕು. ನೇರ ಮಾನಸ್ ಹತ್ತಿರ ಓಡಬೇಡ, ಬೆಕ್ಕು ಕಂಡ ಕಡೆ ನಿಲ್ಲು, ಅಲ್ಲಿಯ ಮಾಯಾಗೋಡೆಗೆ ಹೊಡೆದು ನೋಡು ಅಂತ ಹೇಳಿಟ್ಟಿದ್ದೇನೆ. ಮರಿಯನ್ನು ಬಿಡಿಸಿದರೆ ಮಾನಸ್ ಎದುರಿನ ಯುದ್ಧಕ್ಕೆ ಅದನ್ನು ಜೊತೆಗೆ ಕರೆಯಬಹುದು. ಯಜಮಾನನಿಗೆ ಮುಗಿಸಲು ಆಗದ ಕೆಲಸಕ್ಕೆ ಸಿಫ್ ಬರುತ್ತದೆ.