ಹನ್ನೆರಡು ದಿನ, ಒಂದೇ ತೂಕ

2020ರ ಮಾರ್ಚ್‌ನಲ್ಲಿ, ಕೊರೊನಾ ಬಂದಾಗ, ಹೃದ್ರೋಗಿಗಳು ವ್ಯಾಯಾಮ ಮಾಡಿ ಚೇತರಿಸಿಕೊಳ್ಳುವ ನಮ್ಮ ಕಾರ್ಡಿಯಾಕ್ ರಿಹ್ಯಾಬ್ ವಿಭಾಗಕ್ಕೆ ಬೀಗ ಬಿತ್ತು. ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ಹಾರ್ಟ್ ಫೇಲ್ಯೂರ್ (ಹೃದಯ ರಕ್ತವನ್ನು ಸಾಕಷ್ಟು ಪಂಪ್ ಮಾಡಲಾಗದ ಕಾಯಿಲೆ) ಇರುವವರು ಅಲ್ಲಿಗೆ ಬಂದು ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದರು. ನಡೆದದ್ದಕ್ಕಿಂತ ಹರಟಿದ್ದೇ ಹೆಚ್ಚು. ಈಗ ಅವರೆಲ್ಲ ಮನೆಯೊಳಗೆ, ನರ್ಸ್‌ಗಳಾದ ನಮ್ಮ ಕೈಯಲ್ಲಿ ಫೋನು. ಪಟ್ಟಿಯಲ್ಲಿ ನಾಲ್ಕು ಪ್ರಶ್ನೆ: ಬಿಪಿ ಎಷ್ಟು, ತೂಕ ಎಷ್ಟು, ಮಾತ್ರೆ ತಗೊಂಡ್ರಾ, ಉಸಿರಾಟ ಹೇಗಿದೆ.

ಹಾರ್ಟ್ ಫೇಲ್ಯೂರ್ ಇದ್ದ ಹಿರಿಯರೊಬ್ಬರದು ದಿನಾ 68 ಕೆಜಿ. ಈ ಕಾಯಿಲೆಯಲ್ಲಿ ತೂಕ ಕೇಳುವುದು ಮೈಯಲ್ಲಿ ನೀರು ತುಂಬುತ್ತಿದೆಯೇ ಎಂದು ತಿಳಿಯಲು. ಎರಡು ಮೂರು ದಿನದಲ್ಲಿ 2 ಕೆಜಿ ಏರಿತೆಂದರೆ ಡಾಕ್ಟರಿಗೆ ಹೇಳಲೇಬೇಕು. ಏರಲಿಲ್ಲವಲ್ಲ ಎಂದು ನನಗೆ ನೆಮ್ಮದಿ. ಯಾರ ತೂಕವೂ ಹಾಗೆ ಕದಲದೆ ನಿಲ್ಲುವುದಿಲ್ಲ ಎಂಬುದು ಹೊಳೆದದ್ದು ಹನ್ನೆರಡನೇ ದಿನ.

“ಸರ್, ತೂಕದ ಮೆಷಿನ್ ಎಲ್ಲಿಟ್ಟಿದ್ದೀರಿ?”

ಸ್ವಲ್ಪ ಹೊತ್ತು ಸದ್ದಿಲ್ಲ. “ಮಂಚದ ಕೆಳಗಿದೆ ಸಿಸ್ಟರ್. ಬಗ್ಗಿ ತೆಗೆಯೋಕೆ ಮನಸ್ಸಿಲ್ಲ. ತೂಗಿ ತಾನೆ ಏನಾಗಬೇಕು?”

ಮಾತ್ರೆಯೂ ಹಾಗೇ, ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಬರೀ ಬಾಯಿಮಾತಿಗೆ ಅಂಕಿ ಹೇಳಿದ್ದರು. ನಾನು ಬರೀ ಅಂಕಿ ಬರೆದುಕೊಂಡಿದ್ದೆ.

ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಕಾಡುತ್ತದೆ ಎಂದು ನಾನು ಓದಿಯೇ ಇದ್ದೆ. ಆದರೂ ಯಾರಾದರೂ ಸುಸ್ತು ಅಂದರೆ ಅದನ್ನು ಬೀಟಾ ಬ್ಲಾಕರ್ (ಹೃದಯದ ಬಡಿತ ನಿಧಾನಿಸುವ, ಸುಸ್ತೂ ತರಬಲ್ಲ ಮಾತ್ರೆ) ತಲೆಗೆ ಕಟ್ಟಿ ಮುಂದಿನ ನಂಬರ್ ಒತ್ತುತ್ತಿದ್ದೆ. ಎರಡೇ ಪ್ರಶ್ನೆ ಸಾಕಿತ್ತು: ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿಯೇ ಇಲ್ಲ ಅನ್ನಿಸಿತೇ, ಮನಸ್ಸು ಕುಗ್ಗಿತ್ತೇ? ಹೃದ್ರೋಗಿಗಳಿಗೆ ಇವನ್ನು ಕೇಳಿ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲೇ ಹೇಳಿತ್ತು. ನಮ್ಮ ಪಟ್ಟಿಗೆ ಅವು ಸೇರಿದ್ದು ಈ ಫೋನ್ ಆದ ಮೇಲೆ.

ಇದಕ್ಕೆ ತದ್ವಿರುದ್ಧದವರೂ ಇದ್ದರು. ಒಬ್ಬಾಕೆ ದಿನಕ್ಕೆ ಇಪ್ಪತ್ತು ಸಲ ಬಿಪಿ ನೋಡಿಕೊಳ್ಳುತ್ತಿದ್ದರು. ಗಾಬರಿಗೆ ಬಿಪಿ ಏರುವುದು, ಏರಿದ್ದು ಕಂಡು ಇನ್ನಷ್ಟು ಗಾಬರಿ. ಐದು ನಿಮಿಷ ಸುಮ್ಮನೆ ಕೂತು, ಬೆಳಿಗ್ಗೆ ಸಂಜೆ ಮಾತ್ರ ನೋಡಿ ಎಂದು ಒಪ್ಪಿಸಲು ವಾರ ಹಿಡಿಯಿತು. ಆದರೆ ಎದೆನೋವು ಅಂದಾಗ “ಅದು ಬರೀ ಹೆದರಿಕೆ” ಎಂದು ನಾನು ಯಾರಿಗೂ ಹೇಳಲಿಲ್ಲ. ಫೋನಿನಲ್ಲಿ ಅದು ತಿಳಿಯುವಂಥದ್ದಲ್ಲ. ಸೋಂಕಿನ ಭಯಕ್ಕೆ ನಿಜವಾದ ಹೃದಯಾಘಾತವನ್ನೇ ಮನೆಯಲ್ಲಿ ಸಹಿಸಿಕೊಂಡು ಕೂತವರು ಆ ವರ್ಷ ಎಷ್ಟೋ ದೇಶಗಳಲ್ಲಿದ್ದರು.

ಆ ಹಿರಿಯರನ್ನು ಮನೋವೈದ್ಯರು ವಿಡಿಯೋದಲ್ಲಿ ನೋಡಿದರು. ಖಿನ್ನತೆಯ ಕೆಲವು ಮಾತ್ರೆ ಹೃದಯದ ಬಡಿತದ ಲಯವನ್ನೇ ಕೆಡಿಸಬಲ್ಲವು. ಹಾಗಾಗಿ ಇಸಿಜಿ ತರಿಸಿ ನೋಡಿ, ನಮ್ಮ ಡಾಕ್ಟರನ್ನೂ ಕೇಳಿ ಮದ್ದು ಬರೆದರು. ನಾನು ಫೋನ್ ಮಾಡಿದಾಗ ತೂಕ ಕೇಳುವುದನ್ನು ಕೊನೆಗಿಟ್ಟೆ. ಮೊದಲು ರಾತ್ರಿಯ ನಿದ್ದೆ, ಯಾರ ಜೊತೆ ಮಾತಾಡಿದಿರಿ, ಬಾಗಿಲವರೆಗಾದರೂ ನಡೆದಿರಾ, ಇಂಥವೇ. ಕೆಲವು ದಿನ ಬರೀ “ಹೂಂ” ಅಂದರು. ಒಂದು ದಿನ ಬೈದರು ಕೂಡ.

ಒಂದೂವರೆ ತಿಂಗಳಾದ ಮೇಲೆ, ನಾನು ಕೇಳುವ ಮೊದಲೇ, “67.4 ಸಿಸ್ಟರ್” ಅಂದರು. ಮರುದಿನ 68.1.