ಡಿ90 ಆದಮೇಲೆ ಯಾವುದು?

ನಮ್ಮ ಮನೆಯ ಕ್ಯಾಮೆರಾ ನಿಕಾನ್ ಡಿ90. 2008ರ ಮಾಡೆಲ್. ವಿಡಿಯೊ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ಅಂತ ಆಗ ಅದಕ್ಕೆ ದೊಡ್ಡ ಹೆಸರು. ಎಚ್‌ಡಿಯಲ್ಲಿ ಒಂದು ಸಲಕ್ಕೆ ಐದೇ ನಿಮಿಷ. ಹಾಗಾಗಿ ನಮ್ಮ ಮನೆಯ ಮದುವೆ, ಗೃಹಪ್ರವೇಶ, ಹುತ್ತರಿ ಹಬ್ಬ ಎಲ್ಲವೂ ತುಂಡು ತುಂಡಾಗಿಯೇ ಉಳಿದಿವೆ.

ಕ್ಯಾಮೆರಾ ಇನ್ನೂ ಓಡುತ್ತದೆ. ಅದೇ ಕಷ್ಟ. ಕೆಟ್ಟುಹೋಗಿದ್ದರೆ ಯಾರೂ ಯೋಚನೆ ಮಾಡುತ್ತಿರಲಿಲ್ಲ, ಹೊಸತು ತಂದಾಗುತ್ತಿತ್ತು. ಓಡುವ ವಸ್ತುವನ್ನು ಬದಲಾಯಿಸಬೇಕು ಅಂದರೆ ಮನೆಯಲ್ಲಿ ನಾಲ್ಕು ಜನಕ್ಕೂ ನಾಲ್ಕು ಕಾರಣ ಹೇಳಬೇಕು.

ನನ್ನ ಕಾರಣ ಬೆಳಕು. ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಸಣ್ಣ ತೋಟ. ಜುಲೈಯಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಅಲ್ಲಿ ಸಂಜೆ. ಮೇಲೆ ಮೋಡ, ಅದರ ಕೆಳಗೆ ಸಿಲ್ವರ್ ಓಕ್, ಬಳಂಜಿ, ಅತ್ತಿ ಮರಗಳ ನೆರಳು, ಅದರ ಕೆಳಗೆ ಕಾಫಿ. ಅಪ್ಪನಿಗೆ ಅತ್ತಿಹಣ್ಣಿಗೆ ಬರುವ ಮಂಗಟ್ಟೆ ಹಕ್ಕಿಯ ಫೋಟೊ ಬೇಕು. 70-300 ಲೆನ್ಸನ್ನು ಪೂರ್ತಿ ಎಳೆದರೆ ಅದು ಎಫ್5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಎಫ್ ಸಂಖ್ಯೆ ಸಣ್ಣದಾದಷ್ಟು ಬೆಳಕಿನ ಕಿಂಡಿ ದೊಡ್ಡದು). ಡಿ90ರ ಐಎಸ್‌ಒ, ಅಂದರೆ ಕಡಿಮೆ ಬೆಳಕನ್ನೂ ಹಿಡಿಯುವ ಶಕ್ತಿಯ ಅಳತೆ, 3200ಕ್ಕೆ ಮುಗಿಯಿತು. ಅದರ ಮೇಲೊಂದು ಹಂತ ಇದೆ, ಹೆಸರಿಗೆ ಮಾತ್ರ. ಅಷ್ಟರಲ್ಲಿ ನಮಗೆ ಸಿಗುವ ಶಟರ್ ಸ್ಪೀಡ್ ಹೆಚ್ಚೆಂದರೆ ಸೆಕೆಂಡಿನ 125ರಲ್ಲಿ ಒಂದು ಭಾಗ. ಸುಮ್ನೆ ಕೂತ ಹಕ್ಕಿಗೆ ಸಾಕು. ಕತ್ತು ತಿರುಗಿಸಿತೋ, ಕೊಕ್ಕು ಮಸುಕು. ಮತ್ತೆ ಮಂಗಟ್ಟೆ ಅಂದರೆ ಕೊಕ್ಕೇ ಅಲ್ವಾ? ಈಗಿನ ಸೆನ್ಸರ್‌ನಲ್ಲಿ 12800ಕ್ಕೆ ಹೋಗಬಹುದು. ಅದೇ ಬೆಳಕಿಗೆ 500ರಲ್ಲಿ ಒಂದು ಭಾಗ ಸಿಗುತ್ತದೆ. ಸ್ವಲ್ಪ ಕಾಳು ಕಾಳಾಗಿ ಕಂಡರೂ ಕಣ್ಣಿನ ರೆಪ್ಪೆ ಕಾಣುತ್ತದೆ.

ಮೆಗಾಪಿಕ್ಸೆಲ್ ವಿಷಯಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಡಿ90ರದ್ದು 12.3, ನಾವು ನೋಡುತ್ತಿದ್ದ ಕ್ಯಾಮೆರಾಗಳದ್ದು 20.9. ಕೇಳಿದರೆ ಹತ್ತಿರ ಹತ್ತಿರ ಎರಡು ಪಟ್ಟು. ಆದರೆ ಫೋಟೊದ ಅಗಲಕ್ಕೆ ಲೆಕ್ಕ ಹಾಕಿ: 4288 ಚುಕ್ಕಿ ಇದ್ದದ್ದು 5568 ಆಗುತ್ತದೆ. ಹೆಚ್ಚಿದ್ದು 30 ಪರ್ಸೆಂಟ್, ಅಷ್ಟೇ. ಅಮ್ಮ ಹಾಲ್‌ನಲ್ಲಿ ಫ್ರೇಮ್ ಹಾಕಿಸಿದ ಕಾಫಿ ಹೂವಿನ ಫೋಟೊ ಡಿ90ರದ್ದೇ. ಬಂದವರು ಇವತ್ತಿಗೂ ಅದರ ಮುಂದೆ ನಿಲ್ಲುತ್ತಾರೆ.

ಕೊನೆಗೆ ಉಳಿದದ್ದು ಎರಡು. ಒಂದು, 2017ರ ಡಿ7500, ಸೆಕೆಂಡ್ ಹ್ಯಾಂಡ್. ಇನ್ನೊಂದು, 2024ರಲ್ಲಿ ಬಂದ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ), ಝಡ್50-2. ಮೈಸೂರಿನಲ್ಲಿ ಓದುವ ಮಗಳ ವೋಟು ಎರಡನೆಯದಕ್ಕೆ. ಅವಳ ಮಾತು ಸುಳ್ಳಲ್ಲ. ನಿಕಾನ್ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಹೊಸ ಲೆನ್ಸ್ ಎಲ್ಲ ಮಿರರ್‌ಲೆಸ್‌ನ ಝಡ್ ಮೌಂಟಿಗೇ (ಲೆನ್ಸ್ ಕೂರುವ ಬಳೆಗೇ) ಬರುತ್ತಿವೆ. ಝಡ್50-2 ಹಕ್ಕಿಯನ್ನು ತಾನೇ ಗುರುತಿಸಿ ಕಣ್ಣಿಗೆ ಫೋಕಸ್ ಹಿಡಿಯುತ್ತದೆ. “ಮುಚ್ಚುವ ಅಂಗಡೀಲಿ ಹೋಗಿ ಸಾಮಾನು ತಗೋತೀರಲ್ಲ” ಅಂದಳು.

ನಾನು ಡಿ90ರ ಲೆನ್ಸ್ ಬಿಚ್ಚಿ ಅವಳಿಗೆ ತೋರಿಸಿದೆ. ಮೌಂಟಿನ ಲೋಹದ ಬಳೆಯ ಅಂಚಿನಲ್ಲಿ ಒಂದು ಪುಟ್ಟ ಕಡ್ಡಿ ಚಾಚಿಕೊಂಡಿದೆ. ತುದಿ ಚಪ್ಪಟೆ, ಸ್ಕ್ರೂ ಡ್ರೈವರ್ ತರಹ. ಕ್ಯಾಮೆರಾದ ಒಳಗಿನ ಮೋಟಾರ್ ಆ ಕಡ್ಡಿಯನ್ನು ತಿರುಗಿಸುತ್ತದೆ, ಕಡ್ಡಿ ಲೆನ್ಸಿನ ಸೀಳಿಗೆ ಕೂತು ಗಾಜನ್ನು ಹಿಂದೆ ಮುಂದೆ ಓಡಿಸುತ್ತದೆ. ಅಪ್ಪನ 50 ಎಂಎಂ ಎಫ್1.8ಡಿ ಲೆನ್ಸಿಗೆ ಸ್ವಂತ ಮೋಟಾರ್ ಇಲ್ಲ. ಈ ಕಡ್ಡಿ ಇದ್ದರೆ ಮಾತ್ರ ಅದಕ್ಕೆ ಆಟೊಫೋಕಸ್. ಡಿ3500, ಡಿ5600 ತರಹದ ಸಣ್ಣ ಬಾಡಿಗಳಲ್ಲಿ ಕಡ್ಡಿ ಇಲ್ಲ. ಹಳೆ ಲೆನ್ಸನ್ನು ಮಿರರ್‌ಲೆಸ್‌ಗೆ ಕೂರಿಸುವ ನಿಕಾನಿನ ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಇಲ್ಲ. ಡಿ7500ರಲ್ಲಿ ಇದೆ.

ಆ 50 ಎಂಎಂ ನಮಗೆ ಹುತ್ತರಿಯ ಲೆನ್ಸ್. ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯುವಾಗ ಇರುವುದು ಹುಣ್ಣಿಮೆ ಬೆಳಕು, ಒಂದೆರಡು ಟಾರ್ಚು. ಕೋವಿಯ ಗುಂಡು ಹಾರುತ್ತದೆ, ಎಲ್ಲರೂ “ಪೊಲಿ ಪೊಲಿ ದೇವಾ” ಅಂತ ಕೂಗುತ್ತಾರೆ, ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಅಲ್ಲಿ ಕೈಯಿಂದ ಫೋಕಸ್ ತಿರುಗಿಸುತ್ತಾ ನಿಲ್ಲೋಕಾಗಲ್ಲ. ಡಿ90ರ ಫೋಕಸ್ ಮೈನಸ್ 1 ಇವಿ (ಬೆಳಕಿನ ಅಳತೆ, ಕಡಿಮೆಯಾದಷ್ಟು ಕತ್ತಲೆ) ಬೆಳಕಿನ ತನಕ ಕೆಲಸ ಮಾಡುತ್ತದೆ, ಡಿ7500ರದ್ದು ಮೈನಸ್ 3ರ ತನಕ. ಎರಡು ಸ್ಟಾಪ್ (ಒಂದೊಂದಕ್ಕೂ ಬೆಳಕು ಅರ್ಧ) ಅಂದರೆ ನಾಲ್ಕನೇ ಒಂದು ಪಾಲು ಬೆಳಕು ಇದ್ದರೂ ಸಾಕು ಅಂತ.

(ಕ್ಯಾನನ್ ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ. ಅವರ ಇಎಫ್ ಲೆನ್ಸುಗಳಲ್ಲಿ 1987ರಿಂದಲೇ ಮೋಟಾರ್ ಲೆನ್ಸಿನೊಳಗಿದೆ. ಅಡಾಪ್ಟರ್ ಹಾಕಿದರೆ ಮಿರರ್‌ಲೆಸ್‌ನಲ್ಲೂ ಆಟೊಫೋಕಸ್ ಬರುತ್ತದೆ. ಮನೆಯಲ್ಲಿ ಹಳೆ ಕ್ಯಾನನ್ ಇದ್ದರೆ ನನ್ನ ಈ ವಾದವನ್ನೆಲ್ಲ ಬಿಟ್ಟು ಆರಾಮಾಗಿ ಮಿರರ್‌ಲೆಸ್ ತಗೊಳ್ಳಿ.)

ಹಗುರ ಅನ್ನುವ ಮಾತೂ ಬಂತು. ಝಡ್50-2 ಬ್ಯಾಟರಿ ಸೇರಿ 550 ಗ್ರಾಂ, ಡಿ7500 720 ಗ್ರಾಂ. ಆದರೆ ಹಳೆ ಲೆನ್ಸ್ ಹಾಕೋಕೆ 125 ಗ್ರಾಂನ ಅಡಾಪ್ಟರ್ ಬೇಕಲ್ಲ. ಆಮೇಲೆ ಉಳಿಯುವುದು 45 ಗ್ರಾಂ. ಒಂದು ಹಿಡಿ ಕಾಫಿ ಬೀಜದ ತೂಕವೂ ಇಲ್ಲ.

ಇಷ್ಟಾದರೂ ಮಗಳು ಜಗ್ಗಲಿಲ್ಲ. ವಾದ ಮುಗಿಸಿದ್ದು ಕರೆಂಟು. ಮಳೆಗಾಲದಲ್ಲಿ ಇಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ಯಾವಾಗ ಸರಿಯಾಗುತ್ತದೆ ಅಂತ ಯಾರೂ ಹೇಳಲಾರರು. ಇನ್ವರ್ಟರ್ ಇದ್ದರೂ ಮೊದಲ ಪಾಳಿ ಫೋನ್‌ಗಳದ್ದು, ಆಮೇಲೆ ಎಮರ್ಜೆನ್ಸಿ ಲೈಟು. ಡಿ7500ರ ಬ್ಯಾಟರಿ ಒಂದು ಚಾರ್ಜಿಗೆ 950 ಫೋಟೊ ಕೊಡುತ್ತದೆ ಅಂತ ಕಂಪನಿಯ ಲೆಕ್ಕ. ಝಡ್50-2ರದ್ದು ಸುಮಾರು 250. ಮಿರರ್‌ಲೆಸ್‌ನಲ್ಲಿ ಸುಮ್ನೆ ಕಣ್ಣಿಟ್ಟು ಮರ ನೋಡುತ್ತಾ ಕೂತರೂ ಬ್ಯಾಟರಿ ಖರ್ಚಾಗುತ್ತದೆ, ಯಾಕಂದರೆ ಒಳಗೆ ಕಾಣುವುದು ಸ್ಕ್ರೀನು. ನಮ್ಮಪ್ಪ ಮಾಡುವುದು ಅದೇ. ಜಗಲಿಯಲ್ಲಿ ಕೂತು ಕ್ಯಾಮೆರಾವನ್ನೇ ಬೈನಾಕ್ಯುಲರ್ ಮಾಡಿಕೊಂಡು ಗಂಟೆಗಟ್ಟಲೆ ನೋಡುತ್ತಾರೆ, ಬೇಕೆನಿಸಿದಾಗ ಒಂದು ಕ್ಲಿಕ್. ಕನ್ನಡಿಯ ಕ್ಯಾಮೆರಾದಲ್ಲಿ ಆ ನೋಟ ಹತ್ತಿರ ಹತ್ತಿರ ಪುಕ್ಕಟೆ.

ಮನೆಯಲ್ಲಿ ಹಳೆ ಲೆನ್ಸ್ ಒಂದೂ ಇಲ್ಲದೆ, ಅಪ್ಪ ಅಲ್ಲದೆ ಮಗಳೇ ಜಾಸ್ತಿ ಬಳಸುವವಳಾಗಿದ್ದರೆ ನಾನೇ ಮಿರರ್‌ಲೆಸ್ ಅನ್ನುತ್ತಿದ್ದೆ. ಹಕ್ಕಿ ಹಾರುವಾಗ ಅದರ ಫೋಕಸ್ಸಿಗೆ ಡಿ7500 ಸಾಟಿಯಲ್ಲ. ಒಪ್ಪಲೇಬೇಕು.

ಮೈಸೂರಿನ ಅಂಗಡಿಗೆ ಹೋಗುವಾಗ ಚೀಲದಲ್ಲಿ 50 ಎಂಎಂ, ಒಂದು ಮೆಮೊರಿ ಕಾರ್ಡ್, ಪೆನ್ ಟಾರ್ಚ್ ಹಾಕಿಕೊಂಡಿದ್ದೆ. ಮೊದಲು ಅಲ್ಲಿದ್ದ ಡಿ7500ಕ್ಕೆ ಲೆನ್ಸ್ ಹಾಕಿ ಶಟರ್ ಅರ್ಧ ಒತ್ತಿದೆ. ಡರ್ರ್ ಅಂತ ಕಡ್ಡಿ ತಿರುಗಿತು, ಎದುರಿನ ಕ್ಯಾಲೆಂಡರ್ ಸ್ಪಷ್ಟವಾಯಿತು. ಅಪ್ಪ ನಕ್ಕರು. ಆಮೇಲೆ ಒಂದು ಫೋಟೊ ತೆಗೆದು ಫೈಲಿನಲ್ಲಿ ಶಟರ್ ಲೆಕ್ಕ ನೋಡಿದೆವು. ಈ ಶಟರನ್ನು 1,50,000 ಕ್ಲಿಕ್‌ಗೆ ಪರೀಕ್ಷೆ ಮಾಡಿರುತ್ತಾರೆ, ಇದರಲ್ಲಿ ಅದರ ಕಾಲು ಭಾಗವೂ ಆಗಿರಲಿಲ್ಲ. ಲೆನ್ಸ್ ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಎಕ್ಸ್‌ಪೋಸ್ ಮಾಡಿ ಸೆನ್ಸರ್ ಕೆಟ್ಟಿದ್ದರೆ ಕಾಣುವ ಬಿಳಿ ಚುಕ್ಕಿ ಇದೆಯಾ ಅಂತ ಹುಡುಕಿದೆವು. ಅಂಗಡಿಯವರು ಜೊತೆಗೊಂದು 18-140 ಲೆನ್ಸ್ ಕೊಡಲು ಬಂದರು. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಗಾಜಿನ ಅಂಚಿಗೆ ಬಿಳಿ ಬಲೆ, ಬೂಷ್ಟು ಹಿಡಿದಿದೆ. ಬೇಡ ಅಂದೆ. ಒಣ ಊರಲ್ಲಾದರೆ ಹೇಗೋ ತಡೆದುಕೊಂಡು ಇರುತ್ತಿತ್ತು. ನಮ್ಮೂರಿಗೆ ತಂದರೆ ಒಂದೇ ಮಳೆಗಾಲಕ್ಕೆ ಗಾಜಿನ ಕೋಟಿಂಗ್ ತಿಂದು ಹಾಕುತ್ತದೆ.

ಡಿ90ಕ್ಕೆ ಎಕ್ಸ್‌ಚೇಂಜ್‌ನಲ್ಲಿ ಅವರು ಹೇಳಿದ ರೇಟು ಕೇಳಿ ಅದನ್ನು ವಾಪಸ್ ತಂದೆವು. ಈಗ ಅಮ್ಮನ ಕೈಯಲ್ಲಿದೆ, ಹಳೆ 18-105 ಸಮೇತ. ಎರಡೂ ಬ್ಯಾಟರಿ ಬೇರೆ ಬೇರೆ ನಮೂನೆ, ಎರಡು ಚಾರ್ಜರ್. ಅದೊಂದು ರಗಳೆ.

ಉಳಿದ ದುಡ್ಡಲ್ಲಿ ಒಂದು ಡ್ರೈ ಕ್ಯಾಬಿನೆಟ್ ತಗೊಂಡೆವು. ಇಷ್ಟು ವರ್ಷ ತಗಡಿನ ಡಬ್ಬ, ಅದರೊಳಗೆ ಸಿಲಿಕಾ ಜೆಲ್, ನೀಲಿ ಹೋಗಿ ಗುಲಾಬಿ ಆದಾಗ ಬಾಣಲೆಯಲ್ಲಿ ಬಿಸಿ ಮಾಡುವ ಕೆಲಸ ನಡೆದಿತ್ತು. ಇದರಲ್ಲಿ ತೇವಾಂಶ 45ಕ್ಕೆ ಇಟ್ಟರೆ ಅಲ್ಲೇ ನಿಲ್ಲುತ್ತದೆ. ಕರೆಂಟ್ ಹೋದರೂ ಬಾಗಿಲು ತೆಗೆಯದಿದ್ದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಕೆಳಗಿನ ಅರೆಯಲ್ಲಿ ಅಮ್ಮ ಈಗಾಗಲೇ ಏಲಕ್ಕಿ ಡಬ್ಬ ಇಟ್ಟಾಗಿದೆ. ತೆಗೆಯಿರಿ ಅಂದರೆ, ಜಾಗ ಖಾಲಿ ಇತ್ತಲ್ಲ ಅನ್ನುತ್ತಾರೆ.